420 ಪ್ರಾಬ್ಲಂ ಮಾಡಿದೀನಿ, ಆದ್ರೂ ಇಂಟರ್ವ್ಯೂನಲ್ಲಿ ಕೈ ಓಡಲ್ಲ

ಪ್ರಶ್ನೆ: ಸರ್ ನಮಸ್ಕಾರ. ನಮ್ಮೂರು ಅರಸೀಕೆರೆ ಹತ್ರ ಒಂದು ಹಳ್ಳಿ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಆಮೇಲೆ ವಿಟಿಯು ಕಾಲೇಜಲ್ಲಿ ಇಸಿ (ಎಲೆಕ್ಟ್ರಾನಿಕ್ಸ್) ಮಾಡಿದೆ. 5 ವರ್ಷದಿಂದ ಬೆಂಗಳೂರಲ್ಲಿ ಒಂದು ಸರ್ವೀಸ್ ಕಂಪನೀಲಿ ಜಾವಾ ಸಪೋರ್ಟ್ ಪ್ರಾಜೆಕ್ಟ್‌ನಲ್ಲಿದೀನಿ. ಎರಡು ವರ್ಷದ ಮಗು ಇದೆ. ಒಂದೂವರೆ ವರ್ಷದಿಂದ ಲೀಟ್‌ಕೋಡ್ ಅನ್ನೋ ಪ್ರಾಕ್ಟೀಸ್ ಸೈಟ್‌ನಲ್ಲಿ 420 ಕೋಡಿಂಗ್ ಪ್ರಾಬ್ಲಂ ಸಾಲ್ವ್ ಮಾಡಿದೀನಿ, ಆದ್ರೂ ಎರಡು ದೊಡ್ಡ ಕಂಪನೀಲಿ ರಿಜೆಕ್ಟ್ ಆಯ್ತು. ಮೊದಲನೇದ್ರಲ್ಲಿ ಆನ್‌ಲೈನ್ ಟೆಸ್ಟ್ ಪಾಸಾದೆ, ಫೋನ್ ರೌಂಡ್‌ನಲ್ಲಿ ಎದುರಿಗಿರೋರು ನೋಡ್ತಾ ಇದಾರೆ ಅನ್ನೋ ಟೆನ್ಷನ್‌ಗೇ ತಲೆ ಬ್ಲ್ಯಾಂಕ್ ಆಗೋಯ್ತು. ಎರಡನೇದ್ರಲ್ಲಿ ಕೋಡ್ ಪೂರ್ತಿ ಬರೆದೆ, ಸರಿ ಇತ್ತು ಅಂತಾನೇ ಅನ್ಕೊಂಡಿದೀನಿ, ಕಾರಣಾನೂ ಹೇಳ್ದೆ ರಿಜೆಕ್ಟ್ ಮಾಡಿದ್ರು. ನನ್ನ ಇಂಗ್ಲಿಷ್ ಕಾರಣನಾ? ಇಸಿ ಬ್ರಾಂಚ್, ಸಪೋರ್ಟ್ ಕೆಲಸ ಅನ್ನೋದು ಕಾರಣನಾ? ಮನೆಯವರು ಕೆಲಸ ಬಿಟ್ಟು ಆರು ತಿಂಗಳು ಕೂತು ಓದ್ಕೊ ಅಂತಾರೆ, ಫ್ರೆಂಡ್ ಒಬ್ಬಳು ಮೂರು ಲಕ್ಷದ ಕೋರ್ಸ್ ಸೇರ್ಕೊ ಅಂತಾಳೆ, ಕೊಲೀಗ್ ಒಬ್ಬ ಈಗ ಎಐ ಟೂಲ್ ಪಕ್ಕದಲ್ಲಿಟ್ಕೊಂಡ್ರೆ ಸಾಕು ಇಷ್ಟೆಲ್ಲಾ ಯಾಕೆ ಅಂತಾನೆ. ಏನು ಮಾಡ್ಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಐದಾರಿದ್ರೂ ಒಳಗಿರೋ ಭಯ ಒಂದೇ ಅನ್ಸುತ್ತೆ, "ಇಷ್ಟು ಮಾಡಿದ್ರೂ ಆಗ್ಲಿಲ್ಲ ಅಂದ್ರೆ ನನ್ನ ಕೈಲಿ ಆಗಲ್ವೇನೋ" ಅಂತ. ನಾನು ಪ್ರಾಡಕ್ಟ್ ಕಂಪನಿಗಳಲ್ಲಿ (ತಮ್ಮದೇ ಸಾಫ್ಟ್‌ವೇರ್ ಮಾಡೋ ಕಂಪನಿಗಳು) ವರ್ಷಗಟ್ಟಲೆ ಟೇಬಲ್‌ನ ಆ ಕಡೆ ಕೂತು ಇಂಟರ್ವ್ಯೂ ತಗೊಂಡಿರೋನು, ಆ ಕಡೆಯಿಂದ ಏನು ಕಾಣುತ್ತೆ ಅಂತ ಹೇಳ್ತೀನಿ, ಅದ್ರಲ್ಲೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ.

ಇಂಟರ್ವ್ಯೂ ಮುಗಿದ ಮೇಲೆ ನಾವು ಏನ್ ಮಾಡ್ತೀವಿ ಗೊತ್ತಾ? ಪಾಸ್ ಫೇಲ್ ಅಂತ ಒಂದು ಟಿಕ್ ಹಾಕಿ ಎದ್ದು ಹೋಗಲ್ಲ. ಕೂತ್ಕೊಂಡು ಫೀಡ್‌ಬ್ಯಾಕ್ ಬರೀಬೇಕು. ಪ್ರಶ್ನೆ ಏನು ಕೇಳಿದೆ, ಕ್ಯಾಂಡಿಡೇಟ್ ಮೊದಲು ಏನಂದ್ರು, ಯಾವ ಅಪ್ರೋಚ್ ಯಾಕೆ ಬಿಟ್ರು, ಹಿಂಟ್ ಕೊಡಬೇಕಾಯ್ತಾ, ಕೋಡ್ ಹೇಗಿತ್ತು, ತಮ್ಮ ತಪ್ಪು ತಾವೇ ಹಿಡಿದ್ರಾ ಇಲ್ಲಾ ನಾನು ತೋರಿಸ್ಬೇಕಾಯ್ತಾ, ಇಷ್ಟೂ. ಗೂಗಲ್‌ನಲ್ಲಿ ಅಂತೂ ನಿಮ್ಮನ್ನ ಒಂದು ಸಲಾನೂ ನೋಡದೇ ಇರೋ ಹೈರಿಂಗ್ ಕಮಿಟಿ ಈ ಬರಹಗಳನ್ನ ಓದುತ್ತೆ. ಅಮೆಜಾನ್‌ನಲ್ಲಿ ಎಲ್ಲಾ ಇಂಟರ್ವ್ಯೂವರ್ಸ್ ಬರೆದಿಟ್ಟಿದ್ದನ್ನ ಮುಂದಿಟ್ಕೊಂಡು ಮೀಟಿಂಗ್ ಮಾಡ್ತಾರೆ, ಅದ್ರಲ್ಲಿ ಬಾರ್ ರೈಸರ್ ಅಂತ ಬೇರೆ ಟೀಮಿನ ಒಬ್ಬರು ಇರ್ತಾರೆ, ಅವರು ಬೇಡ ಅಂದ್ರೆ ಆಫರ್ ಸಿಗೋದು ಕಷ್ಟ. ಅಂದ್ರೆ ನಿಮ್ಮ ಹಣೆಬರಹ ನಿಂತಿರೋದು ನಿಮ್ಮ ಕೋಡ್ ಒಂದರ ಮೇಲಲ್ಲ, ಎದುರಿಗಿರೋ ಮನುಷ್ಯ ಏನು ಬರೆಯೋಕೆ ನೀವು ಸರಕು ಕೊಟ್ರಿ ಅನ್ನೋದರ ಮೇಲೆ. ನೀವು ಇಪ್ಪತ್ತು ನಿಮಿಷ ಸುಮ್ನೆ ಕೂತು ಆಮೇಲೆ ಟಕ್ ಅಂತ ಸರಿಯಾದ ಕೋಡ್ ಇಳಿಸಿದ್ರೆ ನಾನೇನು ಬರೀಲಿ? "ಉತ್ತರ ಸರಿ ಇದೆ, ಹೇಗೆ ಬಂತು ಗೊತ್ತಾಗ್ಲಿಲ್ಲ, ಮೊದಲೇ ನೋಡಿರೋ ಪ್ರಾಬ್ಲಂ ಇರಬಹುದು." ಇಂಥ ಒಂದು ಸಾಲು ಸಾಕು ಕೆಡಿಸೋಕೆ. ನಿಮ್ಮ ಎರಡನೇ ರಿಜೆಕ್ಷನ್ ಇದೇ ಥರದ್ದು ಅಂತ ನನ್ನ ಅನುಮಾನ. ಖಚಿತವಾಗಿ ಹೇಳೋಕಾಗಲ್ಲ, ಆದ್ರೆ "ಪೂರ್ತಿ ಬರೆದೆ, ಆದ್ರೂ ಆಗ್ಲಿಲ್ಲ" ಅನ್ನೋರ ಜೊತೆ ಮಾಕ್ ಇಂಟರ್ವ್ಯೂ (ಅಭ್ಯಾಸಕ್ಕೆ ಮಾಡೋ ಇಂಟರ್ವ್ಯೂ) ಮಾಡಿ ನೋಡಿದಾಗ ನನಗೆ ಜಾಸ್ತಿ ಸಿಗೋದು ಇದೇ.

ಒಂದು ಪ್ರಾಬ್ಲಂ ತಗೊಂಡು ತೋರಿಸ್ತೀನಿ, 420 ಮಾಡಿರೋ ನೀವು ಇದನ್ನ ಖಂಡಿತ ಮಾಡಿರ್ತೀರ. ಒಂದು ಅರೇ, ಅಂದ್ರೆ ಸಾಲಾಗಿ ಜೋಡಿಸಿದ ನಂಬರ್‌ಗಳು, ಕೊಟ್ಟಿದಾರೆ, ಕೆ ಅಂತ ಒಂದು ನಂಬರ್ ಕೊಟ್ಟಿದಾರೆ, ಅಕ್ಕಪಕ್ಕದ ನಂಬರ್‌ಗಳನ್ನ ಸೇರಿಸಿ ಮೊತ್ತ ಕೆ ಬರೋ ಸಬ್‌ಅರೇಗಳು ಎಷ್ಟಿವೆ ಎಣಿಸಿ. ತುಂಬಾ ಪ್ರಾಬ್ಲಂ ಮಾಡಿರೋ ಹತ್ತು ಜನಕ್ಕೆ ಕೊಟ್ರೆ ಅದ್ರಲ್ಲಿ ಎಷ್ಟೋ ಜನ "ಸಬ್‌ಅರೇ" ಅನ್ನೋ ಶಬ್ದ ಕಿವಿಗೆ ಬಿದ್ದ ತಕ್ಷಣ ಸ್ಲೈಡಿಂಗ್ ವಿಂಡೋ ಅಂತ ಶುರು ಹಚ್ಕೊಂಡುಬಿಡ್ತಾರೆ. ಮೊತ್ತ ಕಮ್ಮಿ ಇದ್ರೆ ಬಲಗಡೆ ಹಿಗ್ಗಿಸು, ಜಾಸ್ತಿ ಆದ್ರೆ ಎಡಗಡೆಯಿಂದ ಕುಗ್ಗಿಸು. ನೀಟಾಗಿ ಬರೀತಾರೆ. ಆಗ ನಾನು 3, 4, -7, 7 ಅಂತ ನಾಲ್ಕು ನಂಬರ್ ಕೊಟ್ಟು ಕೆ 7 ಅಂತೀನಿ. ಕೈಯಲ್ಲಿ ಲೆಕ್ಕ ಹಾಕಿ, 3 ಮತ್ತು 4 ಒಂದು, ನಾಲ್ಕೂ ಸೇರಿ ಒಂದು, ಕೊನೇ 7 ಒಂದೇ ಇನ್ನೊಂದು, ಒಟ್ಟು ಮೂರು. ಅವರ ಕೋಡ್ ಎರಡು ಅನ್ನುತ್ತೆ. ಮೈನಸ್ ನಂಬರ್ ಬಂದ ಮೇಲೆ ಹಿಗ್ಗಿಸಿದ್ರೆ ಜಾಸ್ತಿ ಆಗುತ್ತೆ ಅನ್ನೋ ನಂಬಿಕೇನೇ ಸುಳ್ಳು, ಸ್ಲೈಡಿಂಗ್ ವಿಂಡೋ ನಿಂತಿರೋದೇ ಆ ನಂಬಿಕೆ ಮೇಲೆ. "ನೆಗೆಟಿವ್ ಇರಬಹುದಾ?" ಅಂತ ಮೊದಲ ನಿಮಿಷದಲ್ಲಿ ಒಂದು ಮಾತು ಕೇಳಿದ್ರೆ ಈ ಹದಿನೈದು ನಿಮಿಷ ಉಳೀತಿತ್ತು, ಮತ್ತೆ ನನಗೆ ಬರೆಯೋಕೆ ಒಂದು ಒಳ್ಳೇ ಸಾಲೂ ಸಿಗ್ತಿತ್ತು.

ಸರಿಯಾದ ದಾರಿ ನಿಮಗೆ ಗೊತ್ತಿರುತ್ತೆ, ಮೊದಲಿಂದ ಅಲ್ಲೀವರೆಗಿನ ಮೊತ್ತ ಇಟ್ಕೊಂಡು ಹೋಗೋದು, ಈಗಿನ ಮೊತ್ತದಿಂದ ಕೆ ಕಳೆದ್ರೆ ಬರೋ ಮೊತ್ತ ಹಿಂದೆ ಎಷ್ಟು ಸಲ ಬಂದಿತ್ತು ಅಂತ ಹ್ಯಾಶ್‌ಮ್ಯಾಪ್‌ನಲ್ಲಿ (ಯಾವುದಕ್ಕೆ ಎಷ್ಟು ಅಂತ ಬರೆದಿಡೋ ಪಟ್ಟಿ) ನೋಡೋದು. ಇಲ್ಲೂ ಒಂದು ಗುಂಡಿ ಇದೆ. ಏನೂ ತಗೊಳ್ಳೋಕೆ ಮುಂಚಿನ ಸೊನ್ನೆ ಮೊತ್ತಾನ ಮ್ಯಾಪ್‌ಗೆ ಒಂದು ಸಲ ಅಂತ ಮೊದಲೇ ಹಾಕಿಡಬೇಕು, ಮರೆತ್ರೆ ಮೇಲಿನ ಉದಾಹರಣೆಗೆ ಮೂರರ ಬದಲು ಒಂದು ಬರುತ್ತೆ. ಮರೆಯೋದು ತಪ್ಪಲ್ಲ, ನಾವೂ ಮರೀತೀವಿ. ಕೋಡ್ ಬರೆದಾದ್ಮೇಲೆ "ಒಂದು ನಿಮಿಷ, ಈ ನಾಲ್ಕು ನಂಬರ್ ಇಟ್ಕೊಂಡು ಸಾಲು ಸಾಲಾಗಿ ಓಡಿಸಿ ನೋಡ್ತೀನಿ" ಅಂತ ನೀವೇ ಅಂದು, ನೀವೇ ಅದನ್ನ ಹಿಡಿದ್ರೆ, ತಪ್ಪೇ ಮಾಡದೇ ಇರೋರಿಗಿಂತ ನಿಮ್ಮ ಫೀಡ್‌ಬ್ಯಾಕ್ ಚೆನ್ನಾಗಿರುತ್ತೆ ಎಷ್ಟೋ ಸಲ. "ಆಯ್ತು ಸರ್" ಅಂತ ಕೈ ಕಟ್ಕೊಂಡು ಕೂತ್ರೆ, ನಾನು ತೋರಿಸಿದ್ಮೇಲೆ "ಓ ಹೌದಲ್ವಾ" ಅಂದ್ರೆ, ಬೇರೆ ಥರ ಬರೀಬೇಕಾಗುತ್ತೆ. ಜಾವಾದೋರಿಗೆ ಇಲ್ಲೇ ಇನ್ನೊಂದು ಮಾತು. ಮ್ಯಾಪ್‌ನಿಂದ ತೆಗೆದ ಎರಡು ಇಂಟೀಜರ್ ಆಬ್ಜೆಕ್ಟ್‌ಗಳನ್ನ ಡಬಲ್ ಈಕ್ವಲ್ಸ್ (==) ಹಾಕಿ ಹೋಲಿಸಿದ್ರೆ 127ರವರೆಗೆ ಸರಿಯಾಗಿ ಕೆಲಸ ಮಾಡುತ್ತೆ, 128 ಬಂತು ಅಂದ್ರೆ ಕೈ ಕೊಡುತ್ತೆ, ಯಾಕಂದ್ರೆ -128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನ ಜಾವಾ ಕ್ಯಾಶ್ ಮಾಡಿಟ್ಟಿರುತ್ತೆ, ಅಂದ್ರೆ ಮೊದಲೇ ಮಾಡಿ ಉಳಿಸಿಟ್ಟಿರುತ್ತೆ. ಚಿಕ್ಕ ಉದಾಹರಣೇಲಿ ಎಲ್ಲಾ ಪಾಸಾಗಿ ದೊಡ್ಡ ಟೆಸ್ಟ್ ಕೇಸ್‌ನಲ್ಲಿ ಯಾಕೆ ಫೇಲ್ ಅಂತ ತಲೆ ಕೆರ್ಕೊಳ್ಳೋರಲ್ಲಿ ಕೆಲವರ ಕಥೆ ಇದೇ. ದಿನಾ ಜಾವಾ ಬರೆಯೋರು ಇಂಥದ್ದನ್ನ ಹೇಳ್ಕೊಂಡು ಬರೆದ್ರೆ, ಇವರು ನಿಜವಾಗ್ಲೂ ಕೆಲಸ ಮಾಡಿದಾರೆ ಅಂತ ಗೊತ್ತಾಗುತ್ತೆ. ಹಾಗಾಗಿ ಇಂಟರ್ವ್ಯೂಗೋಸ್ಕರ ಪೈಥಾನ್ ಕಲೀಬೇಡಿ, ಜಾವಾ ಸಾಕು.

ಈಗ ಆ 420 ಅನ್ನೋ ನಂಬರ್ ವಿಷಯ. ನಂಬರ್ ಚೆನ್ನಾಗಿದೆ, ಆದ್ರೆ ಅದ್ರಲ್ಲಿ ಎಷ್ಟನ್ನ ಸೊಲ್ಯೂಷನ್ ಟ್ಯಾಬ್ ತೆಗೀದೇ ಮಾಡಿದೀರ? ಎಷ್ಟನ್ನ ಇವತ್ತು ರಾತ್ರಿ ಖಾಲಿ ಪರದೆ ಮುಂದೆ ಕೂತು ಮತ್ತೆ ಬರೀಬಲ್ಲಿರಿ? ಅಮ್ಮ ಮುದ್ದೆ ಕಟ್ಟೋದನ್ನ ಇಪ್ಪತ್ತು ವರ್ಷ ನೋಡಿದೀವಿ ಅಂತ ನಮ್ಮ ಕೈಗೆ ಗಂಟಿಲ್ಲದ ಮುದ್ದೆ ಬಂದುಬಿಡಲ್ಲ. ವಿಡಿಯೋ ನೋಡಿ, ಹೌದು ಹೌದು ಅಂತ ತಲೆ ಆಡಿಸಿ, ಆಮೇಲೆ ಟೈಪ್ ಮಾಡಿ ಹಸಿರು ಟಿಕ್ ತಗೊಂಡಿದ್ದು ಎಣಿಕೆಗೆ ಬರಲ್ಲ. ಇನ್ನು ಹೊಸದಾಗಿ ನೂರು ಮಾಡೋಕೆ ಹೋಗ್ಬೇಡಿ. ಆ 420ರಲ್ಲಿ ಒಂದು 80 ಆರಿಸ್ಕೊಳ್ಳಿ. ಆರಿಸೋಕೂ ತಲೆ ಕೆಡಿಸ್ಕೊಳ್ಳೋದು ಬೇಡ, ಬ್ಲೈಂಡ್ 75 ಅಂತ ಒಂದು ಪಟ್ಟಿ ಇದೆ, ಫೇಸ್‌ಬುಕ್‌ನಲ್ಲಿದ್ದ ಒಬ್ಬ ಎಂಜಿನಿಯರ್ ಮಾಡಿದ್ದು, ಪುಕ್ಕಟೆ ಸಿಗುತ್ತೆ, ಅದಕ್ಕೆ ನಿಮಗೆ ಕೈ ಕೊಡೋ ನಾಲ್ಕೈದು ಸೇರಿಸಿದ್ರೆ ಆಯ್ತು. ಒಂದು ಪ್ರಾಬ್ಲಂ ಮಾಡಿ, ಒಂದು ವಾರ ಬಿಟ್ಟು ಏನೂ ನೋಡದೇ ಮತ್ತೆ ಮಾಡಿ, ತಿಂಗಳು ಬಿಟ್ಟು ಇನ್ನೊಂದ್ಸಲ. ಮೂರನೇ ಸಲ ಕೈ ತಡವರಿಸದೇ ಬಂದ್ರೆ ಮಾತ್ರ "ಬಂತು" ಅಂತ ಬರ್ಕೊಳ್ಳಿ. ಗ್ರಾಫ್, ಟ್ರೀ, ಹ್ಯಾಶ್‌ಮ್ಯಾಪ್, ಟೂ ಪಾಯಿಂಟರ್, ಹೀಪ್, ಬೈನರಿ ಸರ್ಚ್, ಇಷ್ಟು ಗಟ್ಟಿ ಆಗ್ಬೇಕು. ಡೈನಾಮಿಕ್ ಪ್ರೋಗ್ರಾಮಿಂಗ್‌ಗೆ (ಚಿಕ್ಕ ಭಾಗಗಳ ಉತ್ತರ ಉಳಿಸಿಟ್ಕೊಂಡು ದೊಡ್ಡದನ್ನ ಕಟ್ಟೋ ವಿಧಾನ) ಜನ ಹೆದರಿ ಅರ್ಧ ಟೈಮ್ ಅದಕ್ಕೇ ಸುರೀತಾರೆ, ನನ್ನ ಅಭಿಪ್ರಾಯದಲ್ಲಿ ಅಷ್ಟು ಬೇಕಾಗಿಲ್ಲ, ಸಾಧಾರಣ ಹತ್ತು ಹನ್ನೆರಡು ಸರಿಯಾಗಿ ಅರ್ಥ ಆದ್ರೆ ಸಾಕು.

ಬೈನರಿ ಸರ್ಚ್, ಅಂದ್ರೆ ಸಾರ್ಟ್ ಆಗಿರೋ ಪಟ್ಟೀನ ಅರ್ಧರ್ಧ ಮಾಡ್ತಾ ಹುಡುಕೋದು, ಅಂದಾಗ ನಗಬೇಡಿ. ಜಾವಾ ಲೈಬ್ರರಿ ಬರೆದ ಜೋಶುವಾ ಬ್ಲಾಕ್ 2006ರಲ್ಲಿ ತಾನೇ ಬರೆದ ಬೈನರಿ ಸರ್ಚ್‌ನಲ್ಲಿ ಬಗ್ ಇತ್ತು ಅಂತ ಗೂಗಲ್ ಬ್ಲಾಗ್‌ನಲ್ಲಿ ಹೇಳ್ಕೊಂಡ್ರು, ಸುಮಾರು ಒಂಬತ್ತು ವರ್ಷ ಯಾರಿಗೂ ಕಾಣದೇ ಕೂತಿತ್ತಂತೆ. ಎಡದ ಇಂಡೆಕ್ಸ್ ಬಲದ ಇಂಡೆಕ್ಸ್ ಕೂಡಿಸಿ ಎರಡರಿಂದ ಭಾಗಿಸೋದು, ಅರೇ ತುಂಬಾ ದೊಡ್ಡದಾದ್ರೆ ಆ ಕೂಡಿಸೋ ಹೊತ್ತಿಗೇ ಇಂಟೀಜರ್ ತನ್ನ ಮಿತಿ ಮೀರಿ ಉಕ್ಕಿ ಮೈನಸ್‌ಗೆ ಹೋಗುತ್ತೆ. ಬಲದಿಂದ ಎಡ ಕಳೆದು ಅರ್ಧ ಮಾಡಿ ಎಡಕ್ಕೆ ಸೇರಿಸಿದ್ರೆ ಈ ತೊಂದ್ರೆ ಇಲ್ಲ.

ಇನ್ನೊಂದು, ಪ್ರಶ್ನೇಲಿ ಕೊಟ್ಟಿರೋ ಮಿತಿಗಳನ್ನ ಓದೋದು, ಕೊಟ್ಟಿಲ್ಲ ಅಂದ್ರೆ ಕೇಳೋದು. ಇದನ್ನ ನಮ್ಮ ಲಕ್ಷ ಕೋಟಿ ಲೆಕ್ಕದಲ್ಲೇ ಇಟ್ಕೊಳ್ಳಿ, ಬೇಗ ಬರುತ್ತೆ. ಒಂದು ಸೆಕೆಂಡಿಗೆ ಅಂದಾಜು 10 ಕೋಟಿ ಸರಳ ಆಪರೇಷನ್ ಅನ್ಕೊಳ್ಳಿ. ಅರೇಲಿ 1 ಲಕ್ಷ ನಂಬರ್ ಇದ್ರೆ, ಒಂದರೊಳಗೆ ಒಂದು ಲೂಪ್ ಹಾಕಿದ್ರೆ 1000 ಕೋಟಿ, ಆಗಲ್ಲ. ಸಾರ್ಟ್ ಮಾಡಿದ್ರೆ 1 ಲಕ್ಷಕ್ಕೆ ಸುಮಾರು 17 ಪಟ್ಟು, 17 ಲಕ್ಷ, ಕಣ್ಣು ಮಿಟುಕಿಸೋದ್ರೊಳಗೆ ಮುಗೀತು. ಇರೋದೇ 20 ನಂಬರ್ ಅಂದ್ರೆ ಎಲ್ಲಾ ಕಾಂಬಿನೇಷನ್ ನೋಡಿದ್ರೂ ಹತ್ತು ಲಕ್ಷದ ಆಸುಪಾಸು, ಆರಾಮಾಗಿ ನೋಡಬಹುದು, ಬ್ಯಾಕ್‌ಟ್ರ್ಯಾಕಿಂಗ್ (ಒಂದು ಆಯ್ಕೆ ಹಿಡಿದು ಹೋಗಿ, ಆಗಲಿಲ್ಲ ಅಂದ್ರೆ ಹಿಂದೆ ಬಂದು ಇನ್ನೊಂದು ನೋಡೋದು) ಇರಬಹುದು ಅಂತ ಅಲ್ಲೇ ಸುಳಿವು ಸಿಕ್ತು. ಈ ಲೆಕ್ಕಾನ ಬಾಯಿಬಿಟ್ಟು ಹೇಳ್ಕೊಂಡೇ ಮಾಡಿ. "ಎಲ್ಲಾ ಸಾಧ್ಯತೇನೂ ನೋಡೋ ಬ್ರೂಟ್ ಫೋರ್ಸ್ ಇದು, ಇಷ್ಟು ಆಗುತ್ತೆ, ಈ ಸೈಜ್‌ಗೆ ಸಾಲಲ್ಲ, ಹಾಗಾಗಿ ಇದನ್ನ ಬಿಟ್ಟು ಮುಂದೆ ಹೋಗ್ತೀನಿ" ಅನ್ನೋ ಒಂದು ಮಾತು ನನ್ನ ಕಾಗದದ ಮೇಲೆ ಎರಡು ಸಾಲಾಗುತ್ತೆ.

ತಲೆ ಬ್ಲ್ಯಾಂಕ್ ಆಗೋದಕ್ಕೆ ಬರ್ತೀನಿ. ಇದು ನಿಮ್ಮ ದೌರ್ಬಲ್ಯ ಅಂತ ದಯವಿಟ್ಟು ಅನ್ಕೋಬೇಡಿ. 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತೆ ಮೈಕ್ರೋಸಾಫ್ಟ್‌ನ ಸಂಶೋಧಕರು 48 ಜನ ವಿದ್ಯಾರ್ಥಿಗಳನ್ನ ಇಟ್ಕೊಂಡು ನೋಡಿದ್ರು. ಅರ್ಧ ಜನಕ್ಕೆ ಇಂಟರ್ವ್ಯೂವರ್ ಎದುರಿಗೆ ವೈಟ್‌ಬೋರ್ಡ್ ಮೇಲೆ ಮಾತಾಡ್ತಾ ಬಿಡಿಸಿ ಅಂದ್ರು, ಇನ್ನರ್ಧ ಜನಕ್ಕೆ ಒಬ್ಬರೇ ರೂಮಲ್ಲಿ ಬಿಡಿಸಿ ಅಂದ್ರು. ಯಾರೋ ನೋಡ್ತಾ ಇದ್ದೋರ ಸ್ಕೋರ್ ಅರ್ಧಕ್ಕಿಂತ ಕೆಳಗೆ ಬಿತ್ತು. ಸಣ್ಣ ಪ್ರಯೋಗ, ಅದೇ ಅಂತಿಮ ಅಂತ ಹೇಳಲ್ಲ, ಆದ್ರೆ ಆ ಕಡೆ ಕೂತಿರೋ ನಮಗೆಲ್ಲಾ ಇದು ದಿನಾ ಕಾಣೋ ವಿಷಯಾನೇ. ಹಾಗಂತ ಕಂಪನಿಗಳು ಪದ್ಧತಿ ಬಿಟ್ಟಿಲ್ಲ, ಬಿಡೋ ಲಕ್ಷಣಾನೂ ಕಾಣ್ತಿಲ್ಲ. 2015ರಲ್ಲಿ ಮ್ಯಾಕ್ಸ್ ಹೋವೆಲ್ ಅಂತ, ಮ್ಯಾಕ್ ಇಟ್ಕೊಂಡಿರೋ ಎಂಜಿನಿಯರ್‌ಗಳು ದಿನಾ ಬಳಸೋ ಹೋಮ್‌ಬ್ರೂ ಅನ್ನೋ ಸಾಫ್ಟ್‌ವೇರ್ ಬರೆದ ಮನುಷ್ಯ, ವೈಟ್‌ಬೋರ್ಡ್ ಮೇಲೆ ಬೈನರಿ ಟ್ರೀ ತಿರುಗಿಸೋಕೆ ಬರಲಿಲ್ಲ ಅಂತ ಗೂಗಲ್ ನನ್ನನ್ನ ಬೇಡ ಅಂತು ಅಂತ ಸಿಟ್ಟಲ್ಲಿ ಟ್ವೀಟ್ ಮಾಡಿದ್ದು ಜಗತ್ತೆಲ್ಲಾ ಓದ್ತು. ಈ ಜರಡಿ ಒಳ್ಳೇ ಕಾಳನ್ನೂ ಬಿಸಾಕುತ್ತೆ ಅನ್ನೋದು ಗೊತ್ತಿದ್ದೇ ಇಟ್ಕೊಂಡಿದಾರೆ, ತಪ್ಪಾದೋರನ್ನ ಒಳಗೆ ತಗೊಳ್ಳೋದಕ್ಕಿಂತ ಒಳ್ಳೇವ್ರನ್ನ ಕಳ್ಕೊಂಡ್ರೂ ಪರವಾಗಿಲ್ಲ ಅನ್ನೋದು ಅವರ ಲೆಕ್ಕ. ಒಂದೊಂದು ಬಾಗಿಲು ಮುಚ್ಚಿದ್ದಕ್ಕೂ ನಿಮ್ಮ ಬುದ್ಧಿಗೆ ಹಾಕಿದ ಮಾರ್ಕ್ಸ್ ಅಂತ ಓದ್ಕೋಬೇಡಿ.

ಮತ್ತೆ ಏನ್ ಮಾಡೋದು ಅಂದ್ರೆ, ನೋಡಿಸ್ಕೊಂಡು ಮಾಡೋದನ್ನೇ ಅಭ್ಯಾಸ ಮಾಡೋದು. ನೀವು ಒಂದೂವರೆ ವರ್ಷ ಮಗು ಮಲಗಿದ್ಮೇಲೆ ಸದ್ದಿಲ್ಲದೆ ಒಬ್ಬರೇ ಕೂತು ಮಾಡಿದೀರ, ಕೆಳಗೆ ರನ್ ಬಟನ್ ಇತ್ತು, ಎರರ್ ಬಂದ್ರೆ ಕೆಂಪಲ್ಲಿ ತೋರಿಸ್ತಿತ್ತು. ಇಂಟರ್ವ್ಯೂನಲ್ಲಿ ಇವೆಲ್ಲಾ ಉಲ್ಟಾ. ಎಷ್ಟೋ ಕಡೆ ಬರೀ ಡಾಕ್ಯುಮೆಂಟ್ ಥರದ ಪುಟ ಕೊಡ್ತಾರೆ, ರನ್ ಮಾಡೋಕಿಲ್ಲ, ಆಟೋಕಂಪ್ಲೀಟ್ ಇಲ್ಲ. 45 ನಿಮಿಷದಲ್ಲಿ ಹಾಯ್ ಹಲೋ, ಕೊನೇಲಿ ನಿಮ್ಮ ಪ್ರಶ್ನೆ ಎಲ್ಲಾ ಕಳೆದು ಕೈಗೆ ಸಿಗೋದು 35. ಹಾಗಾಗಿ ಪ್ರಾಕ್ಟೀಸೂ ಹಾಗೇ ಇರಲಿ, ಖಾಲಿ ಗೂಗಲ್ ಡಾಕ್, ಫೋನ್‌ನಲ್ಲಿ 35 ನಿಮಿಷದ ಟೈಮರ್, ಬಾಯಲ್ಲಿ ಮಾತು. ವಾರಕ್ಕೊಂದು ಸಲ ಬೇರೆ ಮನುಷ್ಯ ಎದುರಿಗಿರಬೇಕು. ಆಫೀಸಲ್ಲಿ ನಿಮ್ಮ ಹಾಗೇ ತಯಾರಿ ಮಾಡ್ತಿರೋರು ಒಬ್ಬರಾದ್ರೂ ಇರ್ತಾರೆ, ಒಂದ್ಸಲ ನೀವು ಕೇಳಿ, ಒಂದ್ಸಲ ಅವರು ಕೇಳ್ಲಿ. ಕೇಳೋ ಜಾಗದಲ್ಲಿ ಕೂತಾಗ ಇನ್ನೂ ಜಾಸ್ತಿ ಕಲೀತೀರ, ಎದುರಿನವರು ಎರಡು ನಿಮಿಷ ಸುಮ್ನಿದ್ರೆ ಎಷ್ಟು ಕಸಿವಿಸಿ ಆಗುತ್ತೆ ಅಂತ ಆಗಲೇ ಗೊತ್ತಾಗೋದು. ಯಾರೂ ಸಿಗ್ಲಿಲ್ಲ ಅಂದ್ರೆ ಫೋನ್ ರೆಕಾರ್ಡಿಂಗ್ ಆನ್ ಮಾಡಿ ಕೂತ್ಕೊಳ್ಳಿ, ಆಮೇಲೆ ಕೇಳಿ, ಹಿಂಸೆ ಆಗುತ್ತೆ, ಆದ್ರೂ ಕೇಳಿ. ನಿಜವಾದ ಇಂಟರ್ವ್ಯೂನಲ್ಲಿ ಬ್ಲ್ಯಾಂಕ್ ಆದಾಗ "ನನಗೆ ಒಂದು ನಿಮಿಷ ಕೊಡಿ, ಒಂದು ಚಿಕ್ಕ ಉದಾಹರಣೆ ಬರ್ಕೊಂಡು ನೋಡ್ತೀನಿ" ಅಂತ ಹೇಳಿ ನಾಲ್ಕು ನಂಬರ್ ಟೈಪ್ ಮಾಡೋಕೆ ಶುರು ಮಾಡಿ. ಕೈ ಓಡಿದ್ರೆ ತಲೆ ಹಿಂದೇನೇ ಬರುತ್ತೆ. ಸುಮ್ನಿರೋದು ತಪ್ಪಲ್ಲ, ಹೇಳದೇ ಸುಮ್ನಿರೋದು ತೊಂದ್ರೆ.

ಇಂಗ್ಲಿಷ್. ನಾನು ನೋಡಿರೋ ಫೀಡ್‌ಬ್ಯಾಕ್ ಫಾರಂಗಳಲ್ಲಿ ಗ್ರಾಮರ್ ಅಂತ ಕಾಲಂ ಇಲ್ಲ. ಕಮ್ಯುನಿಕೇಷನ್ ಅಂತ ಇರುತ್ತೆ, ಅದು ಬೇರೆ. ಚೀನಾ, ಬ್ರೆಜಿಲ್, ಪೋಲೆಂಡ್, ಎಲ್ಲಾ ಕಡೆಯವರು ಮುರಿದ ಇಂಗ್ಲಿಷ್‌ನಲ್ಲೇ ಕೆಲಸ ಮಾಡೋ ಕಂಪನಿಗಳಿವು, ನೀವು ಟೆನ್ಸ್ ತಪ್ಪು ಮಾಡಿದ್ರೆ ಯಾರಿಗೂ ಬಿದ್ದು ಹೋಗಿಲ್ಲ. ಆದ್ರೆ ಕನ್ನಡ ಮೀಡಿಯಂನಿಂದ ಬಂದೋರಲ್ಲಿ ನಾನು ಕಂಡಿರೋದು ಎರಡು. ಒಂದು, ತಪ್ಪಾದೀತು ಅಂತ ಮಾತೇ ಆಡಲ್ಲ, ಅದು ಮೇಲೆ ಹೇಳಿದ ಮೌನಕ್ಕೆ ತಂದು ನಿಲ್ಲಿಸುತ್ತೆ. ಎರಡು, ಪ್ರಶ್ನೆ ಪೂರ್ತಿ ಅರ್ಥ ಆಗದೇ ಇದ್ರೂ ಮತ್ತೆ ಕೇಳೋಕೆ ಸಂಕೋಚ, ತಲೆ ಆಡಿಸಿ ಶುರು ಮಾಡಿಬಿಡ್ತಾರೆ, ಇಪ್ಪತ್ತು ನಿಮಿಷ ಆದ್ಮೇಲೆ ಬೇರೆ ಪ್ರಾಬ್ಲಂ ಬಿಡಿಸ್ತಾ ಇರ್ತಾರೆ. ಇದಕ್ಕೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಬೇಡ. ಕೋಡಿಂಗ್ ರೌಂಡ್‌ನಲ್ಲಿ ಬೇಕಾಗೋ ಮಾತು ಒಂದು ಇಪ್ಪತ್ತೈದು ಮೂವತ್ತು ವಾಕ್ಯ ಅಷ್ಟೇ, ನಾನು ಅರ್ಥ ಮಾಡ್ಕೊಂಡಿದ್ದು ಸರೀನಾ, ಇನ್‌ಪುಟ್ ಖಾಲಿ ಇರಬಹುದಾ, ಮೊದಲು ಸರಳ ದಾರಿ ಹೇಳಿ ಆಮೇಲೆ ಸುಧಾರಿಸ್ತೀನಿ, ಈ ದಾರಿ ಇಲ್ಲಿ ಕೈ ಕೊಡುತ್ತೆ ಯಾಕಂದ್ರೆ, ಈ ಥರದ್ದು. ಇವನ್ನ ಇಂಗ್ಲಿಷಲ್ಲಿ ಬರೆದಿಟ್ಕೊಂಡು ಪ್ರತೀ ಪ್ರಾಕ್ಟೀಸಲ್ಲೂ ಬಾಯಿಬಿಟ್ಟು ಹೇಳಿ. ಯೋಚನೆ ಕನ್ನಡದಲ್ಲೇ ಮಾಡಿ, ನಾನೂ ಇವತ್ತಿಗೂ ಅಲ್ಗಾರಿದಂ ಯೋಚನೆ ಮಾಡೋದು ಕನ್ನಡದಲ್ಲೇ. ಇಂಟರ್ವ್ಯೂವರ್ ಆಕ್ಸೆಂಟ್ ಅರ್ಥ ಆಗ್ಲಿಲ್ಲ ಅಂದ್ರೆ ಚಾಟ್ ಬಾಕ್ಸ್‌ನಲ್ಲಿ ಪ್ರಶ್ನೆ ಟೈಪ್ ಮಾಡ್ತೀರಾ ಅಂತ ಕೇಳಿ, ಯಾರೂ ಬೇಡ ಅನ್ನಲ್ಲ.

ಇಸಿ ಬ್ರಾಂಚ್ ಅನ್ನೋದು 5 ವರ್ಷ ಅನುಭವ ಆದ್ಮೇಲೆ ಯಾರೂ ಕೇಳಲ್ಲ, ಅದನ್ನ ಮರೆತುಬಿಡಿ. ಸಪೋರ್ಟ್ ಪ್ರಾಜೆಕ್ಟ್ ಅನ್ನೋದು ಮಾತ್ರ ರೆಸ್ಯೂಮೆ ಶಾರ್ಟ್‌ಲಿಸ್ಟ್ ಆಗೋ ಹಂತದಲ್ಲಿ ಅಡ್ಡ ಬರುತ್ತೆ, ಸುಳ್ಳು ಹೇಳಲ್ಲ. ಒಳಗಿರೋರ ರೆಫರಲ್ ಇದ್ರೆ ಕನಿಷ್ಠ ಒಬ್ಬ ಮನುಷ್ಯನ ಕಣ್ಣಿಗಾದ್ರೂ ಬೀಳೋ ಸಾಧ್ಯತೆ ಜಾಸ್ತಿ. ಆದ್ರೆ ಒಳಗೆ ಹೋದ್ಮೇಲೆ ಅದೇ ಸಪೋರ್ಟ್ ಕೆಲಸ ನಿಮಗೆ ಆಸ್ತಿ, ಇದನ್ನ ಜನ ಗಮನಿಸೋದೇ ಇಲ್ಲ. ಅಮೆಜಾನ್‌ನಲ್ಲಿ 16 ಲೀಡರ್‌ಶಿಪ್ ಪ್ರಿನ್ಸಿಪಲ್ಸ್ ಇವೆ, ಕೋಡಿಂಗ್ ರೌಂಡ್‌ನಲ್ಲೂ ಅದರ ಮೇಲೆ ಒಂದೆರಡು ಪ್ರಶ್ನೆ ಇರುತ್ತೆ, ಕಷ್ಟದ ಸಮಸ್ಯೆಯ ಬುಡಕ್ಕೆ ಇಳಿದ ಸಂದರ್ಭ ಹೇಳಿ ಅಂತಾರೆ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದಾಗ ಲಾಗ್ ಜಾಲಾಡಿ, ಥ್ರೆಡ್ ಡಂಪ್ ತೆಗೆದು, ಕನೆಕ್ಷನ್ ಪೂಲ್ ಖಾಲಿ ಆಗಿದ್ದು ಕಂಡುಹಿಡಿದಿರೋ ನಿಮ್ಮಂಥೋರ ಹತ್ರ ಇದಕ್ಕೆ ಕಥೆ ಇರುತ್ತೆ, ಹೊಸ ಫೀಚರ್ ಮಾತ್ರ ಬರೆದಿರೋರ ಹತ್ರ ಇರಲ್ಲ. ಅಂಥ ನಿಜವಾದ ಘಟನೆ ಆರೇಳು ಬರೆದಿಟ್ಕೊಳ್ಳಿ, ಏನಾಗಿತ್ತು, ನೀವು ಏನು ಮಾಡಿದ್ರಿ, ಆಮೇಲೆ ಏನು ಬದಲಾಯ್ತು. ಟೀಮ್ ಮಾಡಿದ್ದಲ್ಲ, ನೀವು ಮಾಡಿದ್ದು. ಇದು ನಮ್ಮೋರಿಗೆ ಕಷ್ಟ, ನಾನು ಮಾಡ್ದೆ ಅನ್ನೋಕೆ ನಾಚಿಕೆ, ಆದ್ರೆ ಆ ಫಾರಂನಲ್ಲಿ ನಿಮ್ಮ ಟೀಮಿಗೆ ಕೆಲಸ ಕೊಡೋ ಜಾಗ ಇಲ್ಲ.

ಇನ್ನು ನಿಮ್ಮ ಮೂರು ದಾರಿ. ಕೆಲಸ ಬಿಡೋದಕ್ಕೆ ನನ್ನ ವಿರೋಧ ಇದೆ. ಮನೆಯವರು ಪ್ರೀತಿಯಿಂದಾನೇ ಹೇಳಿರ್ತಾರೆ, ಆದ್ರೆ ಇಂಟರ್ವ್ಯೂ ಕರೆ ಬರೋದು ನಿಮ್ಮ ತಯಾರಿ ನೋಡ್ಕೊಂಡು ಅಲ್ಲ, ಅವರ ಹೈರಿಂಗ್ ನೋಡ್ಕೊಂಡು. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ಮೆಟಾ ಕಂಪನಿ 11,000 ಜನರನ್ನ ತೆಗೀತು, 2023ರ ಜನವರಿಯಲ್ಲಿ ಗೂಗಲ್ 12,000, ಅಮೆಜಾನ್ 18,000 ಅಂತ ಹೇಳಿದ್ರು. ಅಂಥ ಹೊತ್ತಲ್ಲಿ ಕೆಲಸ ಬಿಟ್ಟು ಕೂತಿದ್ದೋರು ಎಷ್ಟು ತಯಾರಿದ್ರೂ ಫೋನೇ ಬರಲಿಲ್ಲ. ಸಂಬಳ ನಿಂತ್ರೆ ಪ್ರತೀ ಇಂಟರ್ವ್ಯೂ ಮೇಲೂ ಒತ್ತಡ ದುಪ್ಪಟ್ಟು, ನಿಮಗೆ ಬ್ಲ್ಯಾಂಕ್ ಆಗೋ ತೊಂದ್ರೆ ಬೇರೆ ಇದೆ. 90 ದಿನ ನೋಟಿಸ್ ಪೀರಿಯಡ್ ಇದೆ ಅದಕ್ಕೇ ಯಾರೂ ತಗೊಳ್ಳಲ್ಲ ಅನ್ನೋ ಮಾತು ಕೇಳಿರ್ತೀರ, ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಕಾಯ್ತವೆ, ಅರ್ಜೆಂಟ್ ಇರೋದು ಚಿಕ್ಕ ಸ್ಟಾರ್ಟಪ್‌ಗಳಿಗೆ. ಆರು ತಿಂಗಳು ಮನೇಲಿ ಕೂರೋ ಬದಲು ಮನೆಯವರು ದಿನಾ ಒಂದು ಗಂಟೆ, ಭಾನುವಾರ ಒಂದು ಮೂರು ಗಂಟೆ ಮಗು ನೋಡ್ಕೊಂಡು ನಿಮಗೆ ಬಾಗಿಲು ಹಾಕ್ಕೊಂಡು ಗಟ್ಟಿಯಾಗಿ ಮಾತಾಡೋಕೆ ಬಿಟ್ರೆ, ಕೆಲಸ ಬಿಟ್ಟು ಸಿಗೋದಕ್ಕಿಂತ ಜಾಸ್ತಿ ಸಿಗುತ್ತೆ.

ಮೂರು ಲಕ್ಷದ ಕೋರ್ಸ್‌ನಲ್ಲಿ ನೀವು ಕೊಳ್ಳೋದು ಪಾಠ ಅಲ್ಲ, ಪಾಠ ಎಲ್ಲಾ ಪುಕ್ಕಟೆ ಇದೆ, ಸ್ಟ್ರೈವರ್ ಶೀಟ್ ಅನ್ನೋ ಪ್ರಾಬ್ಲಂ ಪಟ್ಟಿ, ನೀಟ್‌ಕೋಡ್ ಅನ್ನೋರ ವಿಡಿಯೋ ಇಷ್ಟೇ ನಿಮಗೆ ಹೆಚ್ಚು. ಕೊಳ್ಳೋದು ಶಿಸ್ತು ಮತ್ತೆ ಮಾಕ್ ಇಂಟರ್ವ್ಯೂ. ಅದು ಕೆಲವರಿಗೆ ನಿಜವಾಗ್ಲೂ ಬೇಕು. ಒಂದೂವರೆ ವರ್ಷ ಯಾರೂ ಹೇಳದೇ ಕೂತು ಓದಿರೋ ನಿಮಗೆ ಶಿಸ್ತು ಕೊಂಡ್ಕೊಳ್ಳೋ ಅಗತ್ಯ ನನಗೆ ಕಾಣಲ್ಲ. ಸೇರಲೇಬೇಕು ಅಂದ್ರೆ ಫೀಸ್ ಇಎಂಐ ಅಂದಾಗ ಆ ಸಾಲ ಯಾರ ಹೆಸರಲ್ಲಿ, ಯಾವ ಫೈನಾನ್ಸ್ ಕಂಪನಿಯಿಂದ, ಮಧ್ಯದಲ್ಲಿ ಬಿಟ್ರೆ ಕಂತು ನಿಲ್ಲುತ್ತಾ ಅಂತ ಅಗ್ರಿಮೆಂಟ್ ಓದಿ ಸಹಿ ಹಾಕಿ. ಕ್ಲಾಸ್ ಬಿಟ್ಟ ಮೇಲೂ ಕಂತು ಕಟ್ತಾ ಇರೋರು ನನಗೆ ಗೊತ್ತು. ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಅಂದ್ರೆ ಕೆಲಸ ಕೊಡಿಸ್ತೀವಿ ಅಂತ ಅಲ್ಲ. ಮಧ್ಯದ ದಾರಿ ಒಂದಿದೆ, ಒಂದೆರಡು ಮಾಕ್ ಇಂಟರ್ವ್ಯೂ ಮಾತ್ರ ದುಡ್ಡು ಕೊಟ್ಟು, ದೊಡ್ಡ ಕಂಪನೀಲಿರೋರ ಹತ್ರ ಮಾಡಿಸ್ಕೊಂಡು, ಬರೆದ ಫೀಡ್‌ಬ್ಯಾಕ್ ಕೇಳಿ ಇಸ್ಕೊಳ್ಳೋದು. ಅಷ್ಟಕ್ಕೆ ದುಡ್ಡು ಖರ್ಚು ಮಾಡಿ, ಸಾರ್ಥಕ.

ಎಐ ಟೂಲ್ ಮುಚ್ಚಿಟ್ಕೊಂಡು ಇಂಟರ್ವ್ಯೂ ಕೊಡೋ ವಿಷಯ. ಕೊಲೀಗ್ ಹೇಳಿದ ಹಾಗೆ ಕೆಲವರು ಪಾರಾಗಿರಬಹುದು, ಇಲ್ಲ ಅನ್ನಲ್ಲ. ಆದ್ರೆ ಆ ಕಡೆಯಿಂದ ಅದು ಹೇಗೆ ಕಾಣುತ್ತೆ ಕೇಳಿ. ಪ್ರಶ್ನೆ ಕೇಳಿದ್ಮೇಲೆ ಹದಿನೈದು ಸೆಕೆಂಡ್ ಮೌನ, ಕಣ್ಣು ಪರದೆಯ ಒಂದೇ ಮೂಲೆಗೆ, ಆಮೇಲೆ ತಪ್ಪೇ ಇಲ್ಲದ ಕೋಡ್ ಮೇಲಿಂದ ಕೆಳಗೆ ಒಂದೇ ಸಮ ಇಳಿಯುತ್ತೆ, ಮನುಷ್ಯರು ಹಾಗೆ ಬರೆಯಲ್ಲ, ಮೇಲೆ ಕೆಳಗೆ ಹೋಗಿ ತಿದ್ದುತೀವಿ. ಅನುಮಾನ ಬಂದ್ರೆ ನಾನು ಒಂದು ಷರತ್ತು ಬದಲಾಯಿಸ್ತೀನಿ, ಈ ಲೈನ್ ತೆಗೆದ್ರೆ ಏನಾಗುತ್ತೆ ಅಂತೀನಿ, ಅಲ್ಲಿಗೆ ಮುಗೀತು. ಸಿಕ್ಕಿಬಿದ್ರೆ ಅದು ಬರೀ ಒಂದು ರಿಜೆಕ್ಟ್ ಅಲ್ಲ, ಆ ಕಂಪನಿಯ ರೆಕಾರ್ಡಲ್ಲಿ ಉಳ್ಕೊಳ್ಳೋ ವಿಷಯ, ರೆಫರಲ್ ಕೊಟ್ಟೋರ ಮುಖಕ್ಕೂ ಮಸಿ. 2025ರಲ್ಲಿ ಗೂಗಲ್‌ನ ಸುಂದರ್ ಪಿಚೈ ಅವರೇ ಕನಿಷ್ಠ ಒಂದು ರೌಂಡ್ ಮುಖಾಮುಖಿ ಇರೋ ಹಾಗೆ ನೋಡ್ಕೊಳ್ತಿದೀವಿ ಅಂದ್ರು, ಬೆಂಗಳೂರಲ್ಲಿ ಮಹದೇವಪುರದ ದೊಡ್ಡ ಕ್ಯಾಂಪಸ್ ಇರೋವಾಗ ನಿಮ್ಮನ್ನ ಕರೆಸೋದು ಅವರಿಗೆ ಏನೂ ಕಷ್ಟ ಅಲ್ಲ. ಇನ್ನು ಕೆಲವು ಕಡೆ ಎಐ ಬಳಸೋಕೆ ಅವರೇ ಬಿಡೋ ರೌಂಡ್‌ಗಳೂ ಶುರು ಆಗ್ತಿವೆ, ಅಂಥದ್ದಿದ್ರೆ ಮೊದಲೇ ಹೇಳ್ತಾರೆ, ಅಲ್ಲಿ ಧಾರಾಳವಾಗಿ ಬಳಸಿ. ಮನೇಲಿ ಕೂತು ನೀವೇ ಬರೆದಾದ್ಮೇಲೆ "ಇದ್ರಲ್ಲಿ ಯಾವ ಇನ್‌ಪುಟ್‌ಗೆ ಕೈ ಕೊಡುತ್ತೆ" ಅಂತ ಎಐ ಹತ್ರ ಕೇಳೋದಕ್ಕೆ ನನ್ನ ತಕರಾರಿಲ್ಲ, ಒಳ್ಳೇ ಮೇಷ್ಟ್ರು ಅದು ಆ ಕೆಲಸಕ್ಕೆ. ಬರೆಯೋಕೆ ಮುಂಚೆ ಕೇಳಬೇಡಿ ಅಷ್ಟೇ.

ನೀವು ಕೇಳದೇ ಇರೋದು ಒಂದು ಹೇಳ್ತೀನಿ. ಮೊದಲ ನೆಗೆತಾನೇ ಗೂಗಲ್‌ಗೆ ಆಗ್ಬೇಕು ಅಂತ ಏನಿದೆ? ಬೆಂಗಳೂರಲ್ಲೇ ಹುಟ್ಟಿರೋ ಪ್ರಾಡಕ್ಟ್ ಕಂಪನಿಗಳಲ್ಲಿ ಮಷೀನ್ ಕೋಡಿಂಗ್ ಅಂತ ಒಂದು ರೌಂಡ್ ಇರುತ್ತೆ, ಫ್ಲಿಪ್‌ಕಾರ್ಟ್ ಇದಕ್ಕೆ ಹೆಸರುವಾಸಿ, ಒಂದೂವರೆ ಗಂಟೆ ಆಸುಪಾಸು ಟೈಮ್ ಕೊಟ್ಟು ಪಾರ್ಕಿಂಗ್ ಲಾಟ್, ಖರ್ಚು ಹಂಚಿಕೊಳ್ಳೋ ಆ್ಯಪ್ ಥರದ್ದನ್ನ ಓಡೋ ಹಾಗೆ ಬರೆದು ಕೊಡಿ ಅಂತಾರೆ. ಅದ್ರಲ್ಲಿ ಅಲ್ಗಾರಿದಂ ಚಮತ್ಕಾರಕ್ಕಿಂತ ಕ್ಲಾಸ್‌ಗಳನ್ನ ಹೇಗೆ ಬಿಡಿಸಿದ್ರಿ, ಇನ್ನೊಂದು ನಿಯಮ ಸೇರಿಸಿದ್ರೆ ಎಷ್ಟು ಕಡೆ ಮುಟ್ಟಬೇಕಾಗುತ್ತೆ ಅಂತ ನೋಡ್ತಾರೆ. ಎದುರಿಗೆ ಯಾರೂ ಕೂತು ದಿಟ್ಟಿಸ್ತಾ ಇರಲ್ಲ, ಎಷ್ಟೋ ಕಡೆ ನಿಮ್ಮದೇ ಲ್ಯಾಪ್‌ಟಾಪ್, ನಿಮ್ಮದೇ ಎಡಿಟರ್. ಐದು ವರ್ಷ ಬೇರೆಯವರ ಜಾವಾ ಕೋಡ್ ಓದಿ ಓದಿ ಬೈದಿರೋ ನಿಮಗೆ ಕೋಡ್ ಹೇಗಿರಬಾರದು ಅಂತ ಚೆನ್ನಾಗೇ ಗೊತ್ತಿರುತ್ತೆ. ಅಂಥ ಕಡೆ ಎರಡು ವರ್ಷ ಇದ್ರೆ ಆಮೇಲೆ ರೆಸ್ಯೂಮೆ ತೊಂದ್ರೆ ತಾನಾಗೇ ಹೋಗುತ್ತೆ. ರಿಸ್ಕ್ ಏನಂದ್ರೆ ಇಲ್ಲಿ ಕೆಲಸದ ಒತ್ತಡ ಜಾಸ್ತಿ ಇರಬಹುದು, ಚಿಕ್ಕ ಮಗು ಇರೋವಾಗ ಆ ಟೀಮಿನವರ ಹತ್ರ ಆನ್‌ಕಾಲ್ (ಹೊತ್ತಲ್ಲದ ಹೊತ್ತಲ್ಲೂ ಕರೆ ಬಂದ್ರೆ ಕೂರೋ ಸರದಿ) ಹೇಗಿರುತ್ತೆ ಅಂತ ಆಫರ್ ಕೈಗೆ ಬಂದ್ಮೇಲೆ ನೇರವಾಗಿ ಕೇಳಿ. ನಿಮ್ಮ ಅನುಭವಕ್ಕೆ ಸಿಸ್ಟಂ ಡಿಸೈನ್ (ದೊಡ್ಡ ಸಿಸ್ಟಂ ಹೇಗೆ ಕಟ್ಟೋದು ಅಂತ ಕೇಳೋ) ರೌಂಡೂ ಹಲವು ಕಡೆ ಇರುತ್ತೆ, ಅದು ದೊಡ್ಡ ವಿಷಯ, ಬೇಕಾದ್ರೆ ಬೇರೆಯಾಗಿ ಕೇಳಿ ಬರೀತೀನಿ, ಸದ್ಯಕ್ಕೆ ಕ್ಯಾಶ್, ಕ್ಯೂ, ಡೇಟಾಬೇಸ್ ಇಂಡೆಕ್ಸ್ ಇವು ನಿಮ್ಮ ಈಗಿನ ಪ್ರಾಜೆಕ್ಟ್‌ನಲ್ಲೇ ಎಲ್ಲಿ ಯಾಕೆ ಇವೆ ಅಂತ ಟೀಮಿನ ಸೀನಿಯರ್ ಹತ್ರ ಕೂತು ಕೇಳ್ಕೊಳ್ಳಿ.

ರಿಜೆಕ್ಟ್ ಮಾಡಿದ ಕಂಪನಿಗಳು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಬಿಟ್ಟು ಮತ್ತೆ ತಗೊಳ್ತವೆ, ನಿಮ್ಮದು ಎಷ್ಟು ಅಂತ ಆ ರಿಕ್ರೂಟರ್‌ಗೇ ಒಂದು ಮೇಲ್ ಹಾಕಿ ಕೇಳಿ, ಹೇಳ್ತಾರೆ. ಮುಂದಿನ ಸಲ ಕರೆ ಬಂದಾಗ "ನಾಳೇನೇ ಇಂಟರ್ವ್ಯೂ ಇಡ್ಲಾ" ಅಂದ್ರೆ ಹೂಂ ಅನ್ಬೇಡಿ, ಎರಡು ಮೂರು ವಾರ ಟೈಮ್ ಕೇಳಿ, ಹೆಚ್ಚಿನ ಕಡೆ ಕೊಡ್ತಾರೆ. ಹಾಗೇ ಯಾವ ಎಡಿಟರ್‌ನಲ್ಲಿ ಬರೆಯೋದು, ರನ್ ಮಾಡೋಕಾಗುತ್ತಾ, ಒಂದು ರೌಂಡ್‌ನಲ್ಲಿ ಎಷ್ಟು ಪ್ರಶ್ನೆ ಅಂತ ಮೂರೂ ಕೇಳ್ಕೊಳ್ಳಿ. ಮೆಟಾದಲ್ಲಿ ಒಂದು ರೌಂಡಿಗೆ ಎರಡು ಪ್ರಶ್ನೆ ಕೇಳೋದು ವಾಡಿಕೆ, ಒಂದೇ ಅಂತ ಅನ್ಕೊಂಡು ಹೋದೋರು ಮೊದಲನೇದ್ರಲ್ಲೇ ಟೈಮ್ ಕಳ್ಕೊಂಡುಬಿಡ್ತಾರೆ.